ಸರೋವರ ಸಮುದ್ರವಲ್ಲ, ಈಜು ಬಂದರೆ ಭಯವಿಲ್ಲ ಎಂಬುದು ನಿಜವೇ?

ದೊಡ್ಡ ಸರೋವರದಲ್ಲಿ ಒಬ್ಬರೇ ಕಯಾಕ್ ದೋಣಿಗೆ ಹುಟ್ಟು ಹಾಕುತ್ತಾ ದಿನಗಟ್ಟಲೆ ಸಾಗುವ ವಿಡಿಯೊಗಳನ್ನು ನೀವೂ ನೋಡಿರಬಹುದು. "ಇದೇನು ಸಮುದ್ರವೇ? ಈಜು ಬಂದರೆ ಸಾಕು" ಎಂದು ನೋಡಿದವರು ಹೇಳುವುದುಂಟು. ಈ ಮಾತು ಎಷ್ಟು ನಿಜ? ಉತ್ತರ ಅಮೆರಿಕದ ಸುಪೀರಿಯರ್ ಸರೋವರವನ್ನೇ ಉದಾಹರಣೆಯಾಗಿ ನೋಡೋಣ.

ಸರೋವರದಲ್ಲಿ ದೊಡ್ಡ ಅಲೆ ಏಳುವುದಿಲ್ಲವೇ?

ಇದು ತಪ್ಪು. ಅಮೆರಿಕ ಮತ್ತು ಕೆನಡಾ ನಡುವಿನ ಈ ಸರೋವರದ ವಿಸ್ತೀರ್ಣ ಸುಮಾರು 82,000 ಚದರ ಕಿ.ಮೀ. ಅಂದರೆ ನಮ್ಮ ಕರ್ನಾಟಕದ ಐದರಲ್ಲಿ ಎರಡು ಭಾಗಕ್ಕಿಂತಲೂ ಹೆಚ್ಚು! ಗಾಳಿ ಎಷ್ಟು ಜೋರಾಗಿ, ಎಷ್ಟು ಹೊತ್ತು, ಎಷ್ಟು ದೂರದ ತೆರೆದ ನೀರಿನ ಮೇಲೆ ಬೀಸುತ್ತದೆ ಎಂಬುದರ ಮೇಲೆ ಅಲೆಯ ಎತ್ತರ ನಿಂತಿದೆ. ನೀರು ಸಿಹಿಯೋ ಉಪ್ಪೋ ಎಂಬುದು ಇಲ್ಲಿ ಮುಖ್ಯವಲ್ಲ. 1975ರ ನವೆಂಬರ್ 10ರಂದು 222 ಮೀಟರ್ ಉದ್ದದ ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಅದಿರು ಹಡಗು ಇಲ್ಲೇ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಈಜು ಬಂದರೆ ಸಾಕೇ?

ಸಾಲದು. ಜೂನ್‌ನಲ್ಲೂ ಈ ಸರೋವರದ ನಡುಭಾಗದ ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದು ನಿಮ್ಮ ಮನೆಯ ಫ್ರಿಜ್‌ನಲ್ಲಿಟ್ಟ ನೀರಿನಷ್ಟು ತಣ್ಣಗೆ. ಅಂಥ ನೀರಿಗೆ ಬಿದ್ದರೆ ಏನಾಗುತ್ತದೆ? ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂಬ ಸರಳ ಲೆಕ್ಕದಲ್ಲಿ ವಿವರಿಸುತ್ತಾರೆ.

ಮೊದಲ 1 ನಿಮಿಷ: ಉಸಿರು ಗಕ್ಕನೆ ಒಳಗೆಳೆದುಕೊಳ್ಳುತ್ತದೆ, ಏದುಸಿರು ಬರುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಒಳ್ಳೆಯ ಈಜುಗಾರನೂ ಮುಳುಗಬಹುದು.

ನಂತರದ 10 ನಿಮಿಷ: ಕೈಕಾಲು ಮರಗಟ್ಟುತ್ತಾ ಹೋಗುತ್ತವೆ. ದೋಣಿ ಹತ್ತುವುದು, ಸಹಾಯಕ್ಕೆ ಕರೆ ಮಾಡುವುದು ಇಷ್ಟರೊಳಗೇ ಆಗಬೇಕು.

ಸುಮಾರು 1 ಗಂಟೆ: ದೇಹದ ಒಳಗಿನ ಶಾಖ ಇಳಿದು ಪ್ರಜ್ಞೆ ತಪ್ಪಲು ಇಷ್ಟು ಹೊತ್ತು ಬೇಕು.

ಹಾಗಾಗಿ "ತಣ್ಣೀರಿಗೆ ಬಿದ್ದ ಐದೇ ನಿಮಿಷದಲ್ಲಿ ಚಳಿಯಿಂದ ಸಾವು" ಎಂಬುದೂ ತಪ್ಪು. ಅನೇಕರು ಮುಳುಗುವುದು ದೇಹ ತಣ್ಣಗಾಗುವುದಕ್ಕೂ ಮೊದಲೇ. ಲೈಫ್ ಜಾಕೆಟ್ ತಲೆಯನ್ನು ನೀರಿನ ಮೇಲಿಟ್ಟರೆ ಮೊದಲ ನಿಮಿಷ ದಾಟಬಹುದು. ಆದರೆ ಅದು ಮೈಮೇಲಿರಬೇಕು, ದೋಣಿಯಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ.

ಅನುಭವಿಗಳು ಏನು ಮಾಡುತ್ತಾರೆ?

ಒಬ್ಬರೇ ಹೋದಾಗ ಎತ್ತಲು ಇನ್ನೊಬ್ಬರಿರುವುದಿಲ್ಲ. ಆದ್ದರಿಂದ ಹಿಸುಲಿಗೆ ಹೊಂದುವ ಬಟ್ಟೆಯನ್ನಲ್ಲ, ನೀರಿನ ತಣ್ಣಗೆ ಹೊಂದುವ ವೆಟ್‌ಸೂಟ್ ಅಥವಾ ಡ್ರೈಸೂಟ್ ಧರಿಸುತ್ತಾರೆ. ಮಗುಚಿದ ದೋಣಿಯನ್ನು ಒಬ್ಬರೇ ಹತ್ತುವುದನ್ನು ಮೊದಲೇ ಅಭ್ಯಾಸ ಮಾಡುತ್ತಾರೆ. ದಡದ ಹತ್ತಿರವೇ ಸಾಗುತ್ತಾರೆ, ಗಾಳಿ ಏಳುವ ಮುನ್ನ ಬೆಳಗ್ಗೆಯೇ ಹೊರಡುತ್ತಾರೆ. ಗಾಳಿ ಜೋರಿದ್ದರೆ ದಡದಲ್ಲೇ ಉಳಿಯಲೆಂದು ಹೆಚ್ಚುವರಿ ದಿನಗಳನ್ನೂ ಇಟ್ಟುಕೊಂಡಿರುತ್ತಾರೆ. ಯಾವಾಗ, ಎಲ್ಲಿಗೆ ತಲುಪುತ್ತೇವೆ ಎಂದು ಮನೆಯವರಿಗೆ ತಿಳಿಸಿರುತ್ತಾರೆ.

ನಮ್ಮ ಜಲಾಶಯಗಳ ನೀರು ಇಷ್ಟು ತಣ್ಣಗಿರುವುದಿಲ್ಲ, ನಿಜ. ಆದರೆ ಲಿಂಗನಮಕ್ಕಿಯಂಥ ವಿಶಾಲ ಹಿನ್ನೀರಿನಲ್ಲೂ ಗಾಳಿ ಅಲೆ ಎಬ್ಬಿಸುತ್ತದೆ. ಲೈಫ್ ಜಾಕೆಟ್ ಅಲ್ಲೂ ಬೇಕು.

ಕೊನೆಯ ಮಾತು: ನೀರಿಗೆ ಬಿದ್ದರೆ ದಡದತ್ತ ಈಜಲು ಆತುರಪಡಬೇಡಿ. ದೋಣಿ ಹಿಡಿದು ತೇಲಿ, ಉಸಿರು ಹತೋಟಿಗೆ ಬಂದ ಕೂಡಲೇ ದೋಣಿ ಹತ್ತಿ. ಅಮೆರಿಕ, ಕೆನಡಾದಲ್ಲಿರುವ ನಿಮ್ಮವರಿಗೆ ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.