ಅಚ್ಚು, ಗಾಲಿ ಮತ್ತು ನೆಲ: ವಾಹನದ ಮುಂಭಾಗವನ್ನು ಎತ್ತರಿಸುವ ವಿಚಾರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ರಾಯಚೂರು ಜಿಲ್ಲೆಯಿಂದ ಬೇರ್ಪಡಿಸಿ 1997ರಲ್ಲಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ಈ ಸೀಮೆಯ ನೆಲ ಒಂದೇ ಬಗೆಯದಲ್ಲ. ಯಲಬುರ್ಗಾದ ಕಡೆ ಎರೆಭೂಮಿ ಹೆಚ್ಚು. ಕೊಪ್ಪಳ, ಕುಷ್ಟಗಿಗಳಲ್ಲಿ ಎರೆಯೊಡನೆ ಮಸಾರಿಯೂ ಉಂಟು. ಗಂಗಾವತಿಯಲ್ಲಿ, ಮುನಿರಾಬಾದಿನ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ, ಎಡದಂಡೆ ಕಾಲುವೆಯ ಕೆಳಗೆ ಭತ್ತದ ಗದ್ದೆಗಳು ಹಬ್ಬಿವೆ. ಮಸಾರಿ ನೆಲ ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಗಾಡಿಗೆ ದಾರಿ ಕೊಡುತ್ತದೆ. ಎರೆಯಾದರೋ ಹಸಿಯಾದಾಗ ಗಾಲಿಯನ್ನು ಹಿಡಿದು ಬಿಡದು. ಒಣಗಿದಾಗ ಬಿರುಕು ಬಿಟ್ಟು ಗಾಲಿಯ ಜಾಡನ್ನು ಕಲ್ಲಿನಂತೆ ಗಟ್ಟಿ ಮಾಡಿಡುತ್ತದೆ. ಇಂಥ ನೆಲದ ಮೇಲೆ ವಾಹನ ಎಷ್ಟು ಎತ್ತರಕ್ಕೆ ನಿಲ್ಲಬೇಕೆಂಬ ಪ್ರಶ್ನೆ ಮೋಟಾರು ಬರುವುದಕ್ಕೆ ಬಹು ಮೊದಲೇ ಇಲ್ಲಿ ಹುಟ್ಟಿತ್ತು.

ಸರಕು ಸಾಗಿಸುವ ಪಿಕಪ್ ಗಾಡಿಗಳ ಮುಂಭಾಗವನ್ನು ಮೇಲೆತ್ತಿ, ದೊಡ್ಡ ಟೈರುಗಳನ್ನು ತೊಡಿಸುವ ಪದ್ಧತಿಯೊಂದು ಈಗ ಬಳಕೆಯಲ್ಲಿದೆ. ಇದನ್ನು ಕೇವಲ ಹುಡುಗರ ಷೋಕಿಯೆಂದು ತಳ್ಳಿಹಾಕುವುದು ಸರಿಯಲ್ಲ. ಇದರ ಹಿಂದಿರುವ ತರ್ಕವನ್ನು ತಿಳಿಯಬೇಕಾದರೆ ನಮ್ಮ ಬಂಡಿಯಿಂದಲೇ ಆರಂಭಿಸುವುದು ಲೇಸು.

ಹಳೆಯ ಮರದ ಬಂಡಿಯ ಗಾಲಿ ಸುಮಾರು ಐದು ಅಡಿ ಅಡ್ಡಳತೆಯದು. ಎಂದರೆ ಅದರ ಅಚ್ಚು ನೆಲದಿಂದ ಎರಡೂವರೆ ಅಡಿ ಮೇಲಿರುತ್ತಿತ್ತು. ದೊಡ್ಡ ಗಾಲಿ ಕುಳಿಯನ್ನು ಸುಲಭವಾಗಿ ದಾಟುತ್ತದೆ. ಅದು ಕೆಸರಿನಲ್ಲಿ ಒಂದಿಷ್ಟು ಹುಗಿದರೂ ಅಚ್ಚು ನೆಲಕ್ಕೆ ತಾಗದು. ಆದರೆ ಗಾಲಿಯನ್ನು ಮನಬಂದಷ್ಟು ಹಿರಿದು ಮಾಡುವಂತಿರಲಿಲ್ಲ. ನೊಗ ಕೂಡುವುದು ಎತ್ತಿನ ಹೆಗಲ ಮೇಲೆ. ಆ ಎತ್ತರ ಬಡಗಿಯ ಇಚ್ಛೆಗೆ ಒಳಪಟ್ಟುದಲ್ಲ. ಅಚ್ಚು ಅಗತ್ಯಕ್ಕಿಂತ ಮೇಲಾದರೆ ಮೂಕಿ ಮುಂದಕ್ಕೆ ಇಳಿಜಾರಾಗಿ, ಹೇರಿದ ಭಾರ ಎತ್ತುಗಳ ಕೊರಳಿನ ಮೇಲೆ ಬೀಳುತ್ತದೆ. ಕೆಳಗಾದರೆ ಭಾರ ಹಿಂದಕ್ಕೆ ಜಗ್ಗಿ ನೊಗ ಮೇಲೇಳುತ್ತದೆ. ಮುಂಭಾರ, ಹಿಂಭಾರ ಎಂಬ ಎರಡು ಮಾತುಗಳಲ್ಲಿ ಬಂಡಿಕಾರನು ಅಡಗಿಸಿಟ್ಟಿರುವ ಯಂತ್ರಶಾಸ್ತ್ರವನ್ನು ನಮ್ಮ ಕಾಲೇಜಿನ ಪಠ್ಯಗಳು ಹಲವು ಪುಟಗಳಲ್ಲಿ ಹೇಳುತ್ತವೆ.

ಮುಂದೆ ಕಬ್ಬಿಣದ ಹಳಿಯ ಬದಲಿಗೆ ಗಾಳಿ ತುಂಬಿದ ರಬ್ಬರು ಟೈರಿನ ಬಂಡಿ ಬಂದಿತು. ಟೈರಿನ ಗಾಲಿ ಮರದ ಗಾಲಿಗಿಂತ ಬಹಳ ಚಿಕ್ಕದು. ಅಗಲವಾದುದರಿಂದ ಅದು ಮೆತ್ತನೆಯ ನೆಲದಲ್ಲಿ ಕಡಿಮೆ ಹುಗಿಯುತ್ತದೆ. ಆದರೆ ಅಚ್ಚು ತಗ್ಗಿಹೋಗುತ್ತದೆ. ಹಾಸನ್ನು ನೊಗದ ಮಟ್ಟಕ್ಕೆ ತರಲು ಅಚ್ಚಿನ ಮೇಲೆ ಮರದ ದಿಮ್ಮಿಯನ್ನೋ ಕಬ್ಬಿಣದ ಚೌಕಟ್ಟನ್ನೋ ಕೂರಿಸಬೇಕಾಯಿತು. ಹೀಗೆ ಹಾಸು ಎದ್ದಿತು, ಅಚ್ಚು ಏಳಲಿಲ್ಲ. ಓದುಗರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೋಟಾರು ಗಾಡಿಯ ವಿಷಯದಲ್ಲಿ ನಡೆಯುವ ತಪ್ಪುಗಳಲ್ಲಿ ಬಹುಪಾಲು ಇದನ್ನು ಮರೆತುದರಿಂದಲೇ ಆಗುತ್ತವೆ.

ಮೋಟಾರು ವಾಹನದಲ್ಲಿ ಅಚ್ಚಿಗೂ ಒಡಲಿಗೂ ನಡುವೆ ಸ್ಪ್ರಿಂಗುಗಳಿವೆ. 1940ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಜೋಡಣೆಯಾಗತೊಡಗಿದ ಜೀಪಿನಲ್ಲಿ ಮುಂದಿನ ಎರಡು ಗಾಲಿಗಳಿಗೂ ಒಂದೇ ಗಟ್ಟಿ ಅಚ್ಚು, ಅದರ ಮೇಲೆ ಕಮಾನು ಪಟ್ಟಿಗಳು. ಅನೇಕ ಹೊಸ ಪಿಕಪ್‌ಗಳಲ್ಲಿ ಮುಂದಿನ ಗಾಲಿಗಳೆರಡೂ ತಮ್ಮ ತಮ್ಮ ತೋಳುಗಳ ಮೇಲೆ ಬೇರೆ ಬೇರೆಯಾಗಿ ಏಳುತ್ತ ಇಳಿಯುತ್ತವೆ. ಕಮಾನು ಪಟ್ಟಿಯ ಬಾಗು ಹೆಚ್ಚಿಸಿದರೆ, ಇಲ್ಲವೆ ಸುರುಳಿ ಸ್ಪ್ರಿಂಗಿನ ನೆತ್ತಿಯ ಮೇಲೆ ಒಂದು ಬಿಲ್ಲೆಯನ್ನು ಇಟ್ಟರೆ ಒಡಲು ಮೇಲೇಳುತ್ತದೆ. ತೋಳಿನ ಸನ್ನೆಯಿಂದಾಗಿ, ಒಂದು ಅಂಗುಲದ ಬಿಲ್ಲೆ ಒಡಲನ್ನು ಹಲವು ವೇಳೆ ಎರಡು ಅಂಗುಲದಷ್ಟು ಎತ್ತುವುದುಂಟು. ಆದರೆ ಗಟ್ಟಿ ಅಚ್ಚಿನ ಗಾಡಿಯಲ್ಲಿ ಅಚ್ಚು ಇದ್ದಲ್ಲಿಯೇ ಇರುತ್ತದೆ. ಎರೆಯ ಜಾಡಿನ ನಡುದಿಣ್ಣೆಗೆ ತಾಗುವುದು ಅಚ್ಚೇ ಹೊರತು ಒಡಲಲ್ಲ. ಅಚ್ಚನ್ನು ಎತ್ತಬಲ್ಲುದು ಗಾಲಿ ಮಾತ್ರ. ಒಡಲನ್ನು ಎತ್ತುವುದು ಆ ದೊಡ್ಡ ಗಾಲಿ ಮಡ್‌ಗಾರ್ಡಿಗೆ ಉಜ್ಜದಂತೆ ಎಡೆ ಮಾಡುವುದಕ್ಕಾಗಿ.

ಒಂದು ಲೆಕ್ಕವನ್ನು ನೋಡೋಣ. 235/75 ಆರ್ 15 ಎಂಬ ಅಳತೆಯ ಟೈರಿನ ಅಡ್ಡಳತೆ ಸುಮಾರು 733 ಮಿಲಿಮೀಟರು. ಅದರ ಬದಲು 31 ಅಂಗುಲದ, ಎಂದರೆ 787 ಮಿಲಿಮೀಟರಿನ ಟೈರು ಹಾಕಿದರೆ ವ್ಯತ್ಯಾಸ 54. ಇದರಲ್ಲಿ ಅರ್ಧ ಮಾತ್ರ ಅಚ್ಚಿಗೆ ದೊರೆಯುತ್ತದೆ: 27 ಮಿಲಿಮೀಟರು, ಒಂದು ಅಂಗುಲಕ್ಕಿಂತ ತುಸು ಹೆಚ್ಚು. ಈ ಒಂದಂಗುಲಕ್ಕೆ ತೆರುವ ಬೆಲೆ ಸಣ್ಣದಲ್ಲ. ಗಾಲಿ ಒಂದು ಸುತ್ತಿಗೆ ಶೇಕಡ 7ರಷ್ಟು ಹೆಚ್ಚು ದೂರ ಉರುಳುವುದರಿಂದ, ಮೊದಲು ಸರಿಯಾಗಿದ್ದ ವೇಗಮಾಪಕ 60 ಎಂದು ತೋರಿಸುವಾಗ ನಿಜವಾದ ವೇಗ 64ನ್ನು ಮೀರಿರುತ್ತದೆ. ಎಂಜಿನ್ನಿನ ಎಳೆತ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಬ್ರೇಕಿಗೆ ದುಡಿಮೆ ಹೆಚ್ಚುತ್ತದೆ.

ಸ್ಟಿಯರಿಂಗಿನ ಮಾತು ಇನ್ನೂ ಸೂಕ್ಷ್ಮವಾದುದು. ಮುಂಗಾಲಿ ಯಾವ ಕೀಲಿನ ಸುತ್ತ ಹೊರಳುತ್ತದೆಯೋ ಅದು ನೆಟ್ಟಗಿರದೆ ತುಸು ಹಿಂದಕ್ಕೆ ವಾಲಿರುತ್ತದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುವುದು ಈ ವಾಲಿನಿಂದ. ಮುಂಭಾಗವನ್ನು ಎತ್ತಿದಾಗ ಈ ಕೋನ ಬದಲಾಗುತ್ತದೆ. ಅದು ಕುಗ್ಗಿದರೆ ಗಾಡಿ ನೇರ ರಸ್ತೆಯಲ್ಲಿಯೂ ಅಲೆದಾಡುತ್ತದೆ. ತೋಳುಗಳು ಕೆಳಮುಖವಾಗಿ ಗಾಲಿಗಳ ನಿಲುವು ಕೆಡುತ್ತದೆ. ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಬ್ರೇಕಿನ ರಬ್ಬರು ಕೊಳವೆ ಬಿಗಿಯುತ್ತದೆ. ದೀಪದ ಬೆಳಕು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಬಿಲ್ಲೆಯನ್ನಿಟ್ಟು ಬೋಲ್ಟು ಬಿಗಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವವರು ಈ ಕೋನಗಳನ್ನು ಅಳೆಸುವುದಿಲ್ಲ. ಗಟ್ಟಿ ಅಚ್ಚಿನ ಗಾಡಿಯಲ್ಲಿ ಮುಂದಿನ ಅಚ್ಚಿಗೂ ಪಟ್ಟಿಗೂ ನಡುವೆ ದಿಮ್ಮಿಯಿಡುವುದಂತೂ ಅಪಾಯಕರ. ಎತ್ತಿನ ಬಂಡಿಯ ಹಾಸಿನ ಕೆಳಗೆ ಒಪ್ಪುವ ದಿಮ್ಮಿ, ಬ್ರೇಕು ಹಿಡಿದಾಗ ತಿರುಚುವ ಬಲವನ್ನು ತಾಳಬೇಕಾದ ಮುಂದಚ್ಚಿನ ಮೇಲೆ ಒಪ್ಪದು.

ಎಲ್ಲಕ್ಕಿಂತ ಗಂಭೀರವಾದುದು ಉರುಳುವ ಭಯ. ಗಾಲಿಗಳ ನಡುವಣ ಅಗಲದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ ತಿರುವಿನಲ್ಲಿ ಗಾಡಿ ಎಷ್ಟು ತಾಳುತ್ತದೆಂಬುದರ ಸ್ಥೂಲ ಅಂದಾಜು ದೊರೆಯುತ್ತದೆ. ಅಗಲ 1400 ಮಿಲಿಮೀಟರು, ಭಾರಕೇಂದ್ರ 700 ಎಂದಿಟ್ಟುಕೊಂಡರೆ ಫಲ 1.0. ಗಾಡಿಯನ್ನು 80ರಷ್ಟು ಎತ್ತಿದರೆ 0.9ಕ್ಕೆ ಇಳಿಯುತ್ತದೆ. ಹಿಂದಿನ ತೊಟ್ಟಿಯಲ್ಲಿ ಜನ ನಿಂತು ಭಾರಕೇಂದ್ರ 1000ಕ್ಕೆ ಏರಿದರೆ 0.7. ನಾಟಿಯ ದಿನಗಳಲ್ಲಿ ಸರಕಿನ ಗಾಡಿಯಲ್ಲಿ ಕೂಲಿಯ ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಂಡು ಗದ್ದೆಗೆ ಕರೆದೊಯ್ಯುವುದು ಈ ಸೀಮೆಗೆ ಹೊಸದಲ್ಲ. ಕಾಲುವೆಯ ಏರಿಯ ಮೇಲಿನ ದಾರಿಯಾದರೋ ಕಿರಿದು, ಒಂದು ಬದಿಗೆ ನೀರು. ಗಾಡಿಯನ್ನು ಎತ್ತಿಸಿದವನು ಒಡೆಯ; ಉರುಳಿದಾಗ ಮೊದಲು ಹೊರಗೆ ಬೀಳುವವರು ಬೇರೆಯವರು. ಈ ಲೆಕ್ಕವನ್ನು ವಿದ್ಯಾರ್ಥಿಗಳು ಒಮ್ಮೆಯಾದರೂ ಕಾಗದದ ಮೇಲೆ ಮಾಡಿ ನೋಡಬೇಕೆಂದು ನನ್ನ ಅಭಿಪ್ರಾಯ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ತಯಾರಕರು ಒಪ್ಪಿದ ಅಳತೆಗಳಲ್ಲಿಯೇ ದೊಡ್ಡದಾದ, ಆಳವಾದ ಗೆರೆಗಳುಳ್ಳ ಟೈರನ್ನು ಆರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಕೆಸರಿನ ದಾರಿಗೆ ಹೆಚ್ಚಿನ ಸಂದರ್ಭಗಳಲ್ಲಿ ಅಷ್ಟು ಸಾಕು.

ಅಷ್ಟು ಸಾಲದ ನೆಲವೂ ಉಂಟು. ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರು ಕೂಡ ರಬ್ಬರನ್ನು ನೆಚ್ಚದೆ ಕಬ್ಬಿಣದ ಪಂಜರದ ಗಾಲಿಯನ್ನು ಕಟ್ಟಿಕೊಂಡು ಇಳಿಯುತ್ತದೆ. ಅಲ್ಲಿಂದ ಭತ್ತದ ಚೀಲಗಳನ್ನು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ರಸ್ತೆಯವರೆಗೆ ತಂದು ಪಿಕಪ್ಪಿಗೆ ಹೇರಿದರೆ, ಒಂದು ಹೇರಿಕೆಯ ಕೂಲಿ ಹೆಚ್ಚಾಗುತ್ತದೆ. ಪಿಕಪ್ಪಿನ ಅಚ್ಚು ತಯಾರಕರು ಇಟ್ಟ ಎತ್ತರದಲ್ಲಿಯೇ ಉಳಿಯುತ್ತದೆ.