ಬಾನೆಟ್ಟಿನ ಒಳಹೊದಿಕೆ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಮೋಟಾರು ಕಾರಿನ ಉಸಾಬರಿ ಏಕೆಂದು ಕೇಳುಗರು ಆಶ್ಚರ್ಯಪಡಬಹುದು. ನನ್ನ ಕಾರಿಗೆ ಈಗ ಇಪ್ಪತ್ತೈದು ವರ್ಷ. ಈಚೆಗೊಂದು ದಿನ ಬಾನೆಟ್ ಎತ್ತಿದಾಗ, ಅದರ ಒಳಮೈಗೆ ಅಂಟಿದ್ದ ಕಪ್ಪು ಹೊದಿಕೆ ಪುಡಿಪುಡಿಯಾಗಿ ಎಂಜಿನಿನ ಮೇಲೆ ಉದುರಿತು. ನೆರೆಯವರೊಬ್ಬರು, “ನಮ್ಮಲ್ಲಿ ಹಳೆಯ ಹಾಸಿಗೆಯ ಫೋಮ್ ಇದೆ ಮೇಷ್ಟ್ರೇ, ಕತ್ತರಿಸಿ ಅಂಟಿಸಿಬಿಡಿ” ಎಂದರು. ಆ ಸಲಹೆಯಲ್ಲಿ ಉಪಕಾರಬುದ್ಧಿ ಇತ್ತು, ಅಪಾಯವೂ ಇತ್ತು.

ಈ ಹೊದಿಕೆಗೆ ಎರಡು ಕೆಲಸಗಳುಂಟು. ಎಂಜಿನಿನ ಸದ್ದು ಅದರ ಸೂಕ್ಷ್ಮ ರಂಧ್ರಗಳನ್ನು ಹೊಕ್ಕು, ಅಲ್ಲಿನ ಗಾಳಿಯ ಘರ್ಷಣೆಯಿಂದ ಉಷ್ಣವಾಗಿ ಮಾರ್ಪಟ್ಟು ಬಹುಮಟ್ಟಿಗೆ ಅಡಗುತ್ತದೆ. ಅಲ್ಲದೆ, ಎಂಜಿನಿನ ಕಾವು ಬಾನೆಟ್ಟಿನ ಬಣ್ಣಕ್ಕೆ ನೇರವಾಗಿ ತಗುಲದಂತೆ ಅದು ತಡೆಯುತ್ತದೆ. ಹಲವು ಕಾರುಗಳಲ್ಲಿ ಇದು ಪಾಲಿಯುರೆಥೇನ್ ಫೋಮ್. ಪಾಲಿಯುರೆಥೇನನ್ನು ಜರ್ಮನಿಯ ಆಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ರೂಪಿಸಿದರು. ಕಾವು, ತೇವ, ಎಣ್ಣೆಯ ಆವಿಗಳಿಗೆ ವರ್ಷಗಟ್ಟಲೆ ಒಡ್ಡಿಕೊಂಡ ಫೋಮಿನ ಅಣುಬಂಧಗಳು ಕಡಿದು, ಅದು ಪುಡಿಯಾಗುತ್ತದೆ. ಆ ಪುಡಿ ಗಾಳಿಯ ಕಿಂಡಿಗಳನ್ನು ಸೇರುತ್ತದೆ. ಜೋತುಬಿದ್ದ ತುಂಡು ಸುಡುವ ಹೊಗೆಕೊಳವೆಯನ್ನು ಮುಟ್ಟಿದರೆ ಬೆಂಕಿಯೂ ಹತ್ತೀತು. ಹಾಸಿಗೆಯ ಫೋಮ್ ಅಂಥ ಕಾವಿಗಾಗಿ ಮಾಡಿದ್ದಲ್ಲ. ಎಣ್ಣೆ ಹೀರಿತೆಂದರೆ ಅದು ದೀಪದ ಬತ್ತಿಯೇ ಸರಿ.

ಆದುದರಿಂದ ಕಾರಿಗೆಂದೇ ತಯಾರಿಸಿದ, ಬೆಂಕಿಗೆ ಸುಲಭವಾಗಿ ಈಡಾಗದ ಹೊದಿಕೆಯನ್ನೇ ತರಬೇಕು. ಎಂಜಿನ್ ಪೂರ್ತಿ ತಣಿದ ಮೇಲೆ ಅದರ ಮೇಲೆ ಹಳೆಯ ದುಪ್ಪಟಿ ಹೊದಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿ, ಮರದ ಚಕ್ಕೆಯಿಂದ ಹಳೆಯದನ್ನು ಕೆರೆಯಬೇಕು. ತೀರ ಹಳೆಯ ಕಾರಿನ ಹೊದಿಕೆ ನಾರುನಾರಾಗಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ಮುಟ್ಟದೆ ತಿಳಿದವರಿಗೆ ಒಪ್ಪಿಸುವುದು ಕ್ಷೇಮ. ಉಳಿದ ಅಂಟನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಸಾಬೂನು ನೀರಿನಿಂದ ತೊಳೆದು ಒಣಗಿಸಬೇಕು. ಆಗ ಹತ್ತಿರದಲ್ಲಿ ಬೆಂಕಿ ಇರಕೂಡದು. ಬಳಿಕ ಕಾಗದದಲ್ಲಿ ಅಳತೆ ತೆಗೆದು ಹೊಸದನ್ನು ಕತ್ತರಿಸಿ, ಕಾವು ತಡೆಯುವ ಅಂಟಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಕೂರಿಸಬೇಕು. ಬಾನೆಟ್ಟಿನ ಅಂಚಿನಲ್ಲಿ ನೀರು ಹರಿದುಹೋಗುವ ತೂತುಗಳಿದ್ದರೆ ಅವುಗಳನ್ನು ಮುಚ್ಚಬಾರದು. ಮುಚ್ಚಿದರೆ ಒಳಗೆ ತುಕ್ಕು ಹಿಡಿಯುತ್ತದೆ.

ಕೊನೆಯದಾಗಿ, ಎಂಜಿನಿನ ಅತ್ಯಂತ ಎತ್ತರದ ಭಾಗದ ಮೇಲೆ ಚಪಾತಿ ಹಿಟ್ಟಿನ ಉಂಡೆಯೊಂದನ್ನಿಟ್ಟು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ ತೆರೆಯಿರಿ. ಉಂಡೆ ಅಪ್ಪಚ್ಚಿಯಾಗಿದ್ದರೆ ಹೊದಿಕೆ ತೀರ ದಪ್ಪವೆಂದೇ ಅರ್ಥ.

ಈಗ ನನ್ನ ಕಾರಿನ ಸದ್ದು ತಗ್ಗಿದೆ. ನೆರೆಯವರ ಫೋಮ್ ಅವರ ಜಗುಲಿಯ ಬೆಂಚಿನ ಮೇಲೆ ಮೆತ್ತೆಯಾಗಿದೆ. ಸಂಜೆ ನಾವಿಬ್ಬರೂ ಅದರ ಮೇಲೆಯೇ ಕೂರುತ್ತೇವೆ.