ಬಳಕೆದಾರನ ಪ್ರೊಫೈಲು: ಸ್ವರೂಪ ಮತ್ತು ದೋಷಪರಿಹಾರ

ಬೀದರಿನ ಸಮೀಪದ ಕಮಠಾಣವು ಕನ್ನಡ, ಮರಾಠಿ, ಉರ್ದು, ತೆಲುಗುಗಳು ಕಲೆತ ಸೀಮೆಗೆ ಸೇರಿದುದು. ಇಂತಹ ನಾಡಿನಲ್ಲಿ ಒಂದೇ ಗಣಕದ ಮುಂದೆ ಈಗ ಕನ್ನಡವನ್ನು ಬರೆಯುವವನೂ, ಅನಂತರ ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುವವನೂ ಕುಳಿತುಕೊಳ್ಳಬಹುದು. ಅವರವರ ಕೀಲಿಮಣೆ ಮೊದಲಾದ ಆಯ್ಕೆಗಳನ್ನು ಬೇರೆಬೇರೆಯಾಗಿ ಕಾಪಾಡುವುದೇ ಪ್ರೊಫೈಲು. ಅದು ಕೆಟ್ಟರೆ ಓಲೆಗರಿಯಿಂದ ದಿನವಿಡೀ ಎತ್ತಿ ಬರೆದ ಪಾಠವೇ ನಷ್ಟವಾಗಬಹುದಾದುದರಿಂದ, ಅದರ ಸ್ವರೂಪವನ್ನು ವಿದ್ವಾಂಸರೂ ತಿಳಿಯುವುದವಶ್ಯ.

ವಿಂಡೋಸ್ ವ್ಯವಸ್ಥೆಯಲ್ಲಿ ಗಣಕದಲ್ಲಿಯೇ ನೆಲೆಸಿರುವ ಪ್ರೊಫೈಲು ಸ್ಥಾನಿಕ; ಸರ್ವರಿನಲ್ಲಿದ್ದು, ಬಳಕೆದಾರನು ಪ್ರವೇಶಿಸಿದಾಗ ಗಣಕಕ್ಕೆ ಬಂದು, ನಿರ್ಗಮಿಸಿದಾಗ ಮರಳುವುದು ಸಂಚಾರಿ. ಈ ಎರಡನೆಯದರಲ್ಲಿ ತೋರುವ ದೋಷಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಆಯ್ಕೆಗಳ ಲೋಪ. ಒಬ್ಬನೇ ಏಕಕಾಲದಲ್ಲಿ ಎರಡು ಗಣಕಗಳನ್ನು ಪ್ರವೇಶಿಸಿದ್ದರೆ, ಕೊನೆಗೆ ನಿರ್ಗಮಿಸಿದ ಗಣಕದ ಆಯ್ಕೆಗಳೇ ಸರ್ವರಿನಲ್ಲಿ ನಿಲ್ಲುತ್ತವೆ. ಸಮಬಲದ ಸೂತ್ರಗಳು ವಿರೋಧಿಸಿದಾಗ ಪಾಠಕ್ರಮದಲ್ಲಿ ಪರವಾದುದೇ ಪ್ರಬಲವೆಂದು ಪಾಣಿನಿಯು ವಿಧಿಸಿರುವನಷ್ಟೆ. ಇಲ್ಲಿಯ ಪರತ್ವವು ಕಾಲದ್ದು. ಆದುದರಿಂದ ಒಂದೆಡೆ ನಿರ್ಗಮಿಸಿಯೇ ಮತ್ತೊಂದೆಡೆ ಪ್ರವೇಶಿಸತಕ್ಕದ್ದು.

ಎರಡನೆಯದು ಅಕ್ಷರವಿಕಾರ. ಫಾಂಟುಗಳೂ, 'ನುಡಿ'ಯಂತಹ ತಂತ್ರಾಂಶಗಳೂ ಪ್ರೊಫೈಲಿನೊಡನೆ ಸಂಚರಿಸವು. ಹಳೆಯ ಫಾಂಟಿನಲ್ಲಿ ಬರೆದ ಕನ್ನಡವು, ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುವುದು. 1991ರ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತ ಯೂನಿಕೋಡಿನಲ್ಲಿ ಬರೆಯುವುದೇ ಇದಕ್ಕೆ ಮದ್ದು.

ಮೂರನೆಯದು ಆವೃತ್ತಿಭೇದ. ವಿಂಡೋಸ್ 7 ತನ್ನ ಪ್ರೊಫೈಲಿನ ಹೆಸರಿಗೆ ವಿ2 ಎಂದೂ, ವಿಂಡೋಸ್ 10ರ 2016ರ ಬಳಿಕಿನ ರೂಪಗಳು ವಿ6 ಎಂದೂ ಪ್ರತ್ಯಯ ಹಚ್ಚುತ್ತವೆ. ಪ್ರಕೃತಿಯೊಂದೇ ಆದರೂ ಪ್ರತ್ಯಯಭೇದದಿಂದ ಪ್ರೊಫೈಲುಗಳು ಬೇರೆಯೇ. ಒಂದರಲ್ಲಿ ಮಾಡಿದ ಮಾರ್ಪಾಟು ಮತ್ತೊಂದರಲ್ಲಿ ಕಾಣದು.

ನಾಲ್ಕನೆಯದೇ ಅತ್ಯಂತ ಅಪಾಯಕರ. ನಿಜವಾದ ಪ್ರೊಫೈಲು ತೆರೆಯದಿದ್ದಾಗ ವ್ಯವಸ್ಥೆಯು ತಾತ್ಕಾಲಿಕವಾದೊಂದನ್ನು ಒದಗಿಸುವುದು. ಅದರಲ್ಲಿ ಇಟ್ಟುದೆಲ್ಲವೂ ನಿರ್ಗಮನದೊಡನೆ ಅಳಿಯುವುದು. ಅಂತಹ ಸೂಚನೆ ಕಂಡೊಡನೆ ಬರೆದುದನ್ನು ಮೊದಲು ಬೇರೆಡೆಗೆ ಪ್ರತಿಮಾಡಿಕೊಂಡು, ಬಳಿಕ ಚಿಕಿತ್ಸೆಗೆ ತೊಡಗಬೇಕು.

ಕಾರಣವನ್ನು ಅನ್ವಯವ್ಯತಿರೇಕಗಳಿಂದ ನಿರ್ಣಯಿಸುವುದು ಲೇಸು. ಅದೇ ಬಳಕೆದಾರನು ಅದೇ ಆವೃತ್ತಿಯ ಬೇರೆ ಗಣಕದಲ್ಲಿ ಪ್ರವೇಶಿಸಿದಾಗಲೂ ದೋಷವಿದ್ದರೆ, ಸರ್ವರಿನ ಪ್ರತಿಯನ್ನೂ ಆ ಕಡತಕೋಶದ ಒಡೆತನ, ಅನುಮತಿಗಳನ್ನೂ ಶೋಧಿಸತಕ್ಕದ್ದು. ಅಲ್ಲಿ ದೋಷವಿಲ್ಲದಿದ್ದರೆ ಮೊದಲಿನ ಗಣಕದ ಪ್ರತಿಯೇ ಶಂಕಾಸ್ಪದ. ಆಗಲೂ ಕಡತಕೋಶವನ್ನಷ್ಟೇ ಅಳಿಸಲಾಗದು. ರಿಜಿಸ್ಟ್ರಿಯಲ್ಲಿ ಅದರ ನಮೂದು ಉಳಿದು, ಮತ್ತೆ ತಾತ್ಕಾಲಿಕ ಪ್ರೊಫೈಲೇ ಬರುವುದು. ವ್ಯವಸ್ಥೆಯ ಪ್ರೊಫೈಲುಪಟ್ಟಿಯ ಮೂಲಕವೇ ತೆಗೆದರೆ ಎರಡೂ ಒಟ್ಟಿಗೆ ಹೋಗಿ, ಮುಂದಿನ ಪ್ರವೇಶದಲ್ಲಿ ಸರ್ವರಿನಿಂದ ಹೊಸ ಪ್ರತಿ ಇಳಿಯುವುದು.